ಸಹಾಯ ಬೇಕು: ಸರ್ವೋ ತಿರುಗಿದ ಕೂಡಲೇ ಆರ್ಡುಯಿನೋ ರೀಸೆಟ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಹತ್ತಿರದ ಹಳ್ಳಿ. ಅಪ್ಪನ ತರಕಾರಿ ಮಡಿಗಳಿಗೆ ತಾನಾಗಿಯೇ ನೀರು ಬಿಡುವ ಸಾಧನ ಮಾಡುತ್ತಿದ್ದೇನೆ. ಆರ್ಡುಯಿನೋ ಊನೋ (ಪ್ರೋಗ್ರಾಂ ಹಾಕಿ ನಡೆಸುವ ಚಿಕ್ಕ ಬೋರ್ಡ್), ತೇವ ನೋಡುವ ಸೆನ್ಸರ್, ಪಂಪ್ ಆನ್-ಆಫ್ ಮಾಡಲು ರಿಲೇ, ಪೈಪನ್ನು ಮಡಿಯಿಂದ ಮಡಿಗೆ ತಿರುಗಿಸಲು ಸರ್ವೋ ಮೋಟಾರ್. ತೊಗರಿಗೆ ಔಷಧ ಹೊಡೆಯುವ ಸ್ಪ್ರೇಯರಿನ 12 ವೋಲ್ಟ್ ಬ್ಯಾಟರಿ ಹಾಕಿದ್ದೇನೆ.

ಈಗ ಸರ್ವೋ, ರಿಲೇ ಎರಡಕ್ಕೂ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ಕರೆಂಟ್ ಹೋಗುತ್ತಿದೆ. ಸರ್ವೋ ಅಲುಗಿದ ಕೂಡಲೇ ಡಿಸ್‌ಪ್ಲೇ ಮಂಕಾಗುತ್ತದೆ, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ. ಬೋರ್ಡಿನ ರೆಗ್ಯುಲೇಟರ್ (ವೋಲ್ಟೇಜ್ ಇಳಿಸುವ ಭಾಗ) ಮೇಲೆ ಬೆರಳಿಡಲು ಆಗಲ್ಲ, ಅಷ್ಟು ಬಿಸಿ. 12ನ್ನು 5ಕ್ಕೆ ಇಳಿಸುವಾಗ ಉಳಿದ 7 ವೋಲ್ಟ್ ಶಾಖವಾಗಿಯೇ ಹೋಗಬೇಕು. 300 ಮಿಲಿಆಂಪ್ ಎಳೆದರೂ 2 ವ್ಯಾಟ್ ದಾಟುತ್ತದೆ ಅಲ್ವಾ?

ಎಲ್‌ಎಂ2596 ಬಕ್ ಮಾಡ್ಯೂಲ್ (ಅಷ್ಟು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಚಿಕ್ಕ ಬೋರ್ಡ್) ಹಾಕಿ, ಸರ್ವೋ ಮತ್ತು ರಿಲೇಗೆ ಬೇರೆಯೇ 5 ವೋಲ್ಟ್ ಲೈನ್ ಕೊಡಬೇಕೆಂದಿದ್ದೇನೆ. ಬೋರ್ಡಿನಿಂದ ಸಿಗ್ನಲ್ ಮಾತ್ರ, ಗ್ರೌಂಡ್ ಎಲ್ಲ ಒಂದೇ ಕಡೆ ಸೇರಿಸುತ್ತೇನೆ. ಇದು ಸರಿನಾ? ಬೋರ್ಡಿಗೂ ಅದೇ ಮಾಡ್ಯೂಲಿನಿಂದ ಕೊಡಬಹುದಾ, ಇಲ್ಲಾ ಸರ್ವೋ ಎಳೆದಾಗ ಮತ್ತೆ ರೀಸೆಟ್ ಆಗುತ್ತಾ? ವೋಲ್ಟೇಜ್ ಕುಸಿಯದಂತೆ ಸರ್ವೋ ಪಕ್ಕ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕಾ?

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಈ ಮಾಡ್ಯೂಲ್ ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ. ಬಿಸಿಲು ಜಾಸ್ತಿ ಆಗುವ ಮೊದಲೇ ಹೊಲದಲ್ಲಿ ಇಡಬೇಕು.