ಕೋಲಿಫಾರಂ ಇದೆ, ಇ. ಕೊಲೈ ಇಲ್ಲ: ಈ ನೀರನ್ನು ಕುಡಿಯಬಹುದೇ?

ರಾಘವೇಂದ್ರ: ನಮ್ಮೂರಿನ ತೆರೆದ ಬಾವಿಯ ನೀರು ತುಂಬಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿ (ಆ ಅನಿಲವನ್ನು ಹೊರಬಿಡುವ ಬ್ಯಾಕ್ಟೀರಿಯಾಗಳಿದ್ದರೆ ಕಪ್ಪಾಗುವಂಥದ್ದು) ಕಪ್ಪಾಯಿತು. ಪ್ರಯೋಗಾಲಯದ ವರದಿಯಾದರೋ ಒಟ್ಟು ಕೋಲಿಫಾರಂ ಬ್ಯಾಕ್ಟೀರಿಯಾ ಇದೆ, ಅದೇ ಗುಂಪಿನ, ಮನುಷ್ಯರ ಹಾಗೂ ಪ್ರಾಣಿಗಳ ಕರುಳಿನಲ್ಲಿ ಬದುಕುವ ಇ. ಕೊಲೈ ಇಲ್ಲ ಎನ್ನುತ್ತದೆ. ನೀರಿಗೆ ಮಲ ಸೇರಿದೆಯೆಂದು ತಿಳಿಯಬೇಕೇ?

ಶೈಲಜಾ: ಅಷ್ಟರಿಂದಲೇ ಹಾಗೆ ಹೇಳಲಾಗದು. ಸುಮಾರು 35–37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಹುದುಗಿಸಿ ಆಮ್ಲ, ಅನಿಲಗಳನ್ನು ಹೊರಬಿಡುವ ಕೋಲಿಫಾರಂ ಗುಂಪಿನಲ್ಲಿ ಎಂಟೆರೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳೂ ಇವೆ. ಅವು ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. 44.5 ಡಿಗ್ರಿಯಲ್ಲೂ ಹುದುಗಿಸಬಲ್ಲವನ್ನು ಮಲಜನ್ಯ ಕೋಲಿಫಾರಂ ಎನ್ನುವ ರೂಢಿಯಿದೆ, ಆದರೆ ಆ ಶಾಖವನ್ನು ಕೆಲವು ಕ್ಲೆಬ್ಸಿಯೆಲ್ಲಾಗಳೂ ತಾಳಿಕೊಳ್ಳುತ್ತವೆ. ಇಂಡೋಲ್ ಎಂಬ ರಾಸಾಯನಿಕದ ಉತ್ಪತ್ತಿಯನ್ನೋ ಗ್ಲುಕ್ಯುರೊನಿಡೇಸ್ ಕಿಣ್ವವನ್ನೋ ನೋಡಿ ಇ. ಕೊಲೈಯನ್ನು ಬೇರೆಯಾಗಿ ಗುರುತಿಸಿದ ಮೇಲೆಯೇ ಮಲದ ಮಾತನ್ನು ಧೈರ್ಯವಾಗಿ ಆಡಬಹುದು.

ನಾಗೇಶ್: ಶೈಲಜಾ ಅವರೇ, ವಿಂಗಡಣೆಯನ್ನು ಒಪ್ಪುತ್ತೇನೆ, ಅದರಿಂದ ರಾಘವೇಂದ್ರ ಅವರು ನಿಶ್ಚಿಂತರಾಗುವುದನ್ನು ಒಪ್ಪಲಾರೆ. ಬಾಟಲಿಯನ್ನು ಕಪ್ಪಾಗಿಸುವುದು ಸಾಮಾನ್ಯವಾಗಿ ಇ. ಕೊಲೈ ಅಲ್ಲ; ಸಾಲ್ಮೊನೆಲ್ಲಾ, ಪ್ರೋಟಿಯಸ್, ಸಿಟ್ರೊಬ್ಯಾಕ್ಟರ್, ಕ್ಲಾಸ್ಟ್ರಿಡಿಯಂಗಳು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ಬೆನ್ನಲ್ಲೇ ಮಾದರಿ ತೆಗೆದಿದ್ದರೆ ಇ. ಕೊಲೈ ಸತ್ತಿರುತ್ತದೆ, ಆದರೆ ಮಲದೊಡನೆ ಬಂದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಬೀಜಕಗಳು ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ.

ಶೈಲಜಾ: ಸಲ್ಫೇಟನ್ನು ಸಲ್ಫೈಡಾಗಿಸುವ ಮಣ್ಣಿನ ಬ್ಯಾಕ್ಟೀರಿಯಾಗಳೂ ಬಾಟಲಿಯನ್ನು ಕಪ್ಪಾಗಿಸುತ್ತವೆ. ಕಪ್ಪು ಬಣ್ಣ ಎಚ್ಚರಿಕೆಯೇ ಹೊರತು ಪುರಾವೆಯಲ್ಲ.

ಫಾತಿಮಾ: ಮಲಜನ್ಯ ಕೋಲಿಫಾರಂ ಮತ್ತು ಮಲಜನ್ಯ ಸ್ಟ್ರೆಪ್ಟೊಕಾಕೈಗಳ (ಕರುಳಿನ ಇನ್ನೊಂದು ಬ್ಯಾಕ್ಟೀರಿಯಾ ಗುಂಪು) ಅನುಪಾತ 4ಕ್ಕಿಂತ ಹೆಚ್ಚಿದ್ದರೆ ಮನುಷ್ಯರ ಮಲ, 0.7ಕ್ಕಿಂತ ಕಡಿಮೆಯಿದ್ದರೆ ಪ್ರಾಣಿಗಳದ್ದು ಎಂದು ಓದಿದ್ದೆ. ಬಾವಿಯ ಹತ್ತಿರ ಕೊಟ್ಟಿಗೆಯಿದ್ದರೆ ಅದನ್ನು ನೋಡಬಹುದಲ್ಲವೇ?

ನಾಗೇಶ್: ಆ ಅನುಪಾತವನ್ನು ಈಗ ನೆಚ್ಚುವುದಿಲ್ಲ, ಮೇಡಂ. ನೀರಿಗೆ ಬಿದ್ದ ಮೇಲೆ ಎರಡೂ ಗುಂಪುಗಳು ಬೇರೆ ಬೇರೆ ವೇಗದಲ್ಲಿ ಸಾಯುವುದರಿಂದ, ಇಂದು ಸಿಕ್ಕ ಸಂಖ್ಯೆ ನಾಲ್ಕು ದಿನ ಬಿಟ್ಟು ಸಿಗುವುದಿಲ್ಲ. ಅಲ್ಲದೆ ಸಗಣಿ ನಿರಪಾಯವೆಂಬ ಭಾವನೆಯೇ ನನ್ನನ್ನು ಹೆಚ್ಚು ಕಾಡುತ್ತದೆ: ದನಗಳ ಕರುಳಿನಲ್ಲಿರುವ, ರಕ್ತಭೇದಿ ತರುವ ಇ. ಕೊಲೈ ಒ157 ತಳಿಯಲ್ಲಿ ಸಾಮಾನ್ಯವಾಗಿ ಆ ಗ್ಲುಕ್ಯುರೊನಿಡೇಸ್ ಚಟುವಟಿಕೆ ಕಾಣುವುದೇ ಇಲ್ಲ. ಕಿಣ್ವವನ್ನೇ ನೆಚ್ಚಿದ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಳ್ಳುತ್ತದೆ.

ಶೈಲಜಾ: ಈ ಮಾತು ಮುಖ್ಯವಾದದ್ದು. ರಾಘವೇಂದ್ರ ಅವರೇ, ಮೂಲ ಯಾವುದೇ ಇರಲಿ, ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಮಾದರಿಯಲ್ಲಿ ಒಟ್ಟು ಕೋಲಿಫಾರಂ ಕೂಡ ಕಾಣಬಾರದು. ಸದ್ಯಕ್ಕೆ ಕುದಿಸಿಯೇ ಕುಡಿಯಿರಿ. ಮತ್ತೊಮ್ಮೆ ಮಾದರಿ ಕೊಡುವಾಗ ಎಂಟೆರೋಕಾಕೈ (ಮಲಜನ್ಯ ಸ್ಟ್ರೆಪ್ಟೊಕಾಕೈಗಳಲ್ಲೇ ಒಂದು ಗುಂಪು) ಪರೀಕ್ಷೆಯನ್ನೂ ಕೇಳಿ. ಕ್ಲೋರಿನ್ ಹಾಕಿದ್ದರೆ ಮುಂಚೆಯೇ ತಿಳಿಸಿ, ಕ್ಲೋರಿನ್ನಿನ ಪ್ರಭಾವವನ್ನು ತಡೆಯುವ ಸೋಡಿಯಂ ಥಯೊಸಲ್ಫೇಟ್ ಇರುವ ಬಾಟಲಿಯನ್ನು ಕೊಡುತ್ತಾರೆ.