‘ಪರ್ಫಾರ್ಮೆನ್ಸ್’ ಚಿತ್ರದಲ್ಲಿ ಕಾಣುವ ಸಿಂಥಸೈಸರ್‌ನ ನಾದವೇ ನಮಗೆ ಕೇಳುತ್ತಿದೆಯೇ?

ಪ್ರಶ್ನೆ

ನಮಸ್ಕಾರ. ಡೊನಾಲ್ಡ್ ಕ್ಯಾಮೆಲ್ ಮತ್ತು ನಿಕೊಲಸ್ ರೋಗ್ ನಿರ್ದೇಶಿಸಿದ ‘ಪರ್ಫಾರ್ಮೆನ್ಸ್’ ಚಿತ್ರವನ್ನು ಮೊನ್ನೆ ಎರಡನೆಯ ಸಲ ನೋಡಿದೆ. ಇದರ ಚಿತ್ರೀಕರಣ 1968ರಲ್ಲಿ ಲಂಡನ್ನಿನಲ್ಲಿ ನಡೆದರೂ ಬಿಡುಗಡೆಯಾದದ್ದು 1970ರಲ್ಲಿ. ಹಾಡುವುದನ್ನು ಬಿಟ್ಟು ಮನೆಯೊಳಗೆ ಅವಿತು ಕುಳಿತಿರುವ ಟರ್ನರ್ ಎಂಬ ರಾಕ್ ಗಾಯಕನ ಪಾತ್ರದಲ್ಲಿ ಮಿಕ್ ಜಾಗರ್ ಅಭಿನಯಿಸಿದ್ದಾರೆ. ಅವರ ಕೋಣೆಯಲ್ಲಿ ಗೋಡೆಯಂತೆ ನಿಂತಿರುವ ಮೋಗ್ ಸಿಂಥಸೈಸರ್ (ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ವಾದ್ಯ) ಒಂದು ಕಾಣುತ್ತದೆ. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಅಂಥ ವಾದ್ಯವನ್ನು ಹತ್ತಿರದಿಂದ ಕಂಡವರೇ ವಿರಳವಾಗಿದ್ದಿರಬೇಕು. ಚಿತ್ರದಲ್ಲಿ ಅಲ್ಲಲ್ಲಿ ಕೇಳಿಬರುವ ವಿದ್ಯುನ್ಮಾನ ನಾದವನ್ನು ಜಾಗರ್ ಅವರೇ ನುಡಿಸಿದರೇ, ಅಥವಾ ಆ ವಾದ್ಯವನ್ನು ಬರೀ ನೋಟಕ್ಕೆಂದು ಅಲ್ಲಿ ಇರಿಸಲಾಗಿತ್ತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಈ ಚಿತ್ರದಲ್ಲಿ ಕಣ್ಣಿಗೆ ಕಾಣುವ ಕೈ ಒಬ್ಬರದು, ಕಿವಿಗೆ ಬೀಳುವ ನಾದ ಇನ್ನೊಬ್ಬರದು. ಹಿನ್ನೆಲೆ ಸಂಗೀತದ ಹೊಣೆ ಹೊತ್ತವರು ಜ್ಯಾಕ್ ನಿಟ್ಷೆ, ಅದರಲ್ಲಿ ಮೋಗ್ ನುಡಿಸಿದವರು ಬರ್ನಿ ಕ್ರೌಸ್. 1967ರ ಮಾಂಟೆರೆ ಪಾಪ್ ಉತ್ಸವದಲ್ಲಿ ಪಾಲ್ ಬೀವರ್ ಅವರ ಜೊತೆ ಸೇರಿ ಮಳಿಗೆ ಹಾಕಿ, ಬಂದ ಸಂಗೀತಗಾರರಿಗೆಲ್ಲ ಈ ವಾದ್ಯವನ್ನು ಪರಿಚಯಿಸಿದವರೂ ಇದೇ ಕ್ರೌಸ್.

ಹಾಗೆಂದು ಜಾಗರ್ ಮೋಗ್ ನುಡಿಸಲೇ ಇಲ್ಲ ಎಂದುಕೊಳ್ಳಬೇಡಿ. ಅವರು ನುಡಿಸಿದ್ದನ್ನು ಕೇಳಬೇಕೆಂದರೆ ಕೆನೆತ್ ಆಂಗರ್ 1969ರಲ್ಲಿ ಮಾಡಿದ, ಹನ್ನೊಂದು ನಿಮಿಷಗಳ ‘ಇನ್ವೊಕೇಶನ್ ಆಫ್ ಮೈ ಡೀಮನ್ ಬ್ರದರ್’ ಚಿತ್ರವನ್ನು ನೋಡಬೇಕು. ಅದರ ಧ್ವನಿಪಥವೆಲ್ಲ ಅವರ ಮೋಗ್‌ನದೇ. ಒರಟಾದ, ಗರಗಸ ಎಳೆದಂಥ ಒಂದು ಸಣ್ಣ ಸ್ವರಗುಚ್ಛ ಬಿಡದೆ ಮರುಕಳಿಸುತ್ತ ಹೋಗುತ್ತದೆ. ರಾಗವೂ ಇಲ್ಲ, ಹಾಡೂ ಇಲ್ಲ. ಹೈಡ್ ಪಾರ್ಕ್‌ನಲ್ಲಿ ಜಾಗರ್ ಅವರ ತಂಡ ರೋಲಿಂಗ್ ಸ್ಟೋನ್ಸ್ ನಡೆಸಿದ ಕಛೇರಿಯ ತುಣುಕುಗಳು, ಹೆಲಿಕಾಪ್ಟರಿನಿಂದ ಇಳಿಯುವ ಸೈನಿಕರು, ಆಂಗರ್ ಅವರ ಆರಾಧನೆಯ ವಿಧಿಗಳು ಒಂದರ ಮೇಲೊಂದು ಬಂದು ಬೀಳುವಾಗ ಅವನ್ನೆಲ್ಲ ಹಿಡಿದು ನಿಲ್ಲಿಸುವುದು ಆ ಹಟಮಾರಿ ನಾದವೊಂದೇ. ನುರಿತ ವಾದಕನೊಬ್ಬ ಕುಳಿತಿದ್ದರೆ ಅದನ್ನು ನಯಗೊಳಿಸಿ ಕೆಡಿಸುತ್ತಿದ್ದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನ ಮಾತಿಗೆ ವಾದ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. (ಕನ್ನಡದಲ್ಲಿ ಹಲವರು ‘ಮೂಗ್’ ಎಂದು ಬರೆಯುತ್ತಾರೆ, ಆದರೆ ಅದನ್ನು ರೂಪಿಸಿದ ರಾಬರ್ಟ್ ಮೋಗ್ ತಮ್ಮ ಹೆಸರನ್ನು ‘ಮೋಗ್’ ಎಂದೇ ಉಚ್ಚರಿಸುತ್ತಿದ್ದರು.) 1964ರಲ್ಲಿ ರೂಪುಗೊಳ್ಳತೊಡಗಿದ ಈ ವಾದ್ಯದಲ್ಲಿ ಪ್ರತಿ ಕೀಲಿಯೂ ಒಂದೊಂದು ವೋಲ್ಟೇಜ್ ಕೊಡುತ್ತದೆ. ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಒಂದು ಸಲಕ್ಕೆ ಒಂದೇ ಸ್ವರ. ಬಿಡಿಭಾಗಗಳನ್ನು ಕೇಬಲ್‌ಗಳಿಂದ ಜೋಡಿಸಿ ನಾದವನ್ನು ಕಟ್ಟಬೇಕು, ಆ ಜೋಡಣೆಯನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮಾತ್ರ ವಾದ್ಯಕ್ಕೆ ಏನೇನೂ ಇಲ್ಲ.

ಅಂಥ ವಾದ್ಯವೊಂದರ ಮುಂದೆ ನಾನು ಒಂದು ಮಧ್ಯಾಹ್ನವಿಡೀ ಕುಳಿತಿದ್ದೆ. ಸ್ವಿಚ್ ಹಾಕಿ ಅರ್ಧ ಗಂಟೆ ಕಾದು, ಸ್ವರ ಹುಟ್ಟಿಸುವ ಒಳಗಿನ ಆಸಿಲೇಟರ್‌ಗಳು ಬಿಸಿಯೇರಿದ ಮೇಲೆ ಶ್ರುತಿ ಹೊಂದಿಸಿದೆ. ಹತ್ತು ನಿಮಿಷದಲ್ಲಿ ಅದು ಮತ್ತೆ ಜಾರಿತ್ತು. ಬಹಳ ಹೊತ್ತಿನ ಪ್ರಯತ್ನದ ನಂತರ ಮನಸ್ಸಿಗೆ ಹಿಡಿಸಿದ ಒಂದು ನಾದ ದಕ್ಕಿತು. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ತಿರುಪು ಎಷ್ಟು ತಿರುಗಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು ಕೇಬಲ್‌ಗಳನ್ನು ಕಿತ್ತೆ. ಆಮೇಲೆ ಬರೆದಂತೆಯೇ ಜೋಡಿಸಿದರೂ ಆ ನಾದ ಮರಳಿ ಬರಲಿಲ್ಲ. ಹೀಗಾಗಿ ಚಿತ್ರೀಕರಣದ ಸದ್ದುಗದ್ದಲದಲ್ಲಿ, ದೀಪಗಳ ಶಾಖದಲ್ಲಿ ಅದನ್ನು ನುಡಿಸಿ ಅಲ್ಲೇ ಮುದ್ರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನೀವೇ ಊಹಿಸಬಹುದು. ಟ್ಯೂಬ್‌ಲೈಟ್ ಹಿಡಿದು ಕುಣಿಯುವ ಟರ್ನರ್‌ನ ಕೋಣೆಯಲ್ಲಿ ಆ ವಾದ್ಯ ಮಾಂತ್ರಿಕನ ಸಾಮಗ್ರಿಯಂತೆ ಕಂಡರೆ ಸಾಕಿತ್ತು, ಹಾಗೆ ಅದು ನಿಜಕ್ಕೂ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಹಾಗಾದರೆ ಕಾಣುವ ಕೈ ಮತ್ತು ಕೇಳುವ ನಾದ ಎರಡೂ ಒಬ್ಬರದೇ ಆಗಿರುವ ಚಿತ್ರ ಯಾವುದಾದರೂ ಇದೆಯೇ?

ಮೂರನೆಯ ಉತ್ತರ

ಇದೆ. ಏಡ್ರಿಯನ್ ಮೇಬೆನ್ ನಿರ್ದೇಶನದ ‘ಪಿಂಕ್ ಫ್ಲಾಯ್ಡ್: ಲೈವ್ ಅಟ್ ಪಾಂಪೇ’ ನೋಡಿ. ಪ್ರೇಕ್ಷಕರೇ ಇಲ್ಲದ ಪ್ರಾಚೀನ ರಂಗಮಂಡಲದಲ್ಲಿ 1971ರ ಅಕ್ಟೋಬರ್‌ನಲ್ಲಿ ಚಿತ್ರಿಸಿದ ಭಾಗಗಳು ಪ್ರಸಿದ್ಧವಾಗಿವೆ. ಆದರೆ ನಿಮಗೆ ಬೇಕಾದದ್ದು 1972ರ ಮೊದಲ ಆವೃತ್ತಿಯಲ್ಲಿ ಇರದೆ ಅನಂತರ ಸೇರಿದ ಆಬಿ ರೋಡ್ ಸ್ಟುಡಿಯೊದ ದೃಶ್ಯ. ಅಲ್ಲಿ ಆ ತಂಡದ ರೋಜರ್ ವಾಟರ್ಸ್ ಪುಟ್ಟ ಸಿಂಥಸೈಸರ್ ಒಂದರ ಮುಂದೆ ಕುಳಿತು ‘ಆನ್ ದ ರನ್’ ಎಂಬ ಕೃತಿಯನ್ನು ಕಟ್ಟುತ್ತಿರುತ್ತಾರೆ. ಲಂಡನ್ನಿನ ಇಎಂಎಸ್ ಸಂಸ್ಥೆಯ ಈ ವಾದ್ಯಗಳಲ್ಲಿ ಕೇಬಲ್‌ಗಳ ಬದಲು ಚೌಕಳಿಯಂಥ ಫಲಕದ ರಂಧ್ರಗಳಿಗೆ ಸಣ್ಣ ಪಿನ್ನುಗಳನ್ನು ಚುಚ್ಚುತ್ತಿದ್ದರು. ನಿಧಾನವಾಗಿ ಒತ್ತಿ ಕೂಡಿಸಿದ ಎಂಟು ಸ್ವರಗಳನ್ನು ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನೇ ಮತ್ತೆ ಮತ್ತೆ ನುಡಿಸುವ ಸಾಧನ) ಓಟದ ವೇಗಕ್ಕೆ ಏರಿಸುತ್ತದೆ. ವಾಟರ್ಸ್ ಅವರ ಬೆರಳು ತಿರುಪನ್ನು ಹೊರಳಿಸಿದಂತೆಲ್ಲ ನಾದದ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡಬಹುದು.

ಇದಕ್ಕೆ ತೀರಾ ತದ್ವಿರುದ್ಧವಾದ ಉದಾಹರಣೆಯೆಂದರೆ ಪೊಪೊಲ್ ವೂ ತಂಡದ ಫ್ಲೋರಿಯನ್ ಫ್ರಿಕೆ. 1970ರ ತಮ್ಮ ಮೊದಲ ಆಲ್ಬಂನಲ್ಲಿಯೇ ದೊಡ್ಡ ಮೋಗ್ ಬಳಸಿದ್ದ ಈ ಜರ್ಮನ್ ಸಂಗೀತಗಾರ, ವರ್ನರ್ ಹರ್ಜೋಗ್ ಕ್ಯಾಸ್ಪರ್ ಹೌಸರ್‌ನ ಕಥೆಯನ್ನು ಆಧರಿಸಿ 1974ರಲ್ಲಿ ಮಾಡಿದ ಚಿತ್ರದಲ್ಲಿ ಸ್ವತಃ ತೆರೆಯ ಮೇಲೆ ಬರುತ್ತಾರೆ, ಅದೂ ಕುರುಡ ಪಿಯಾನೊ ವಾದಕನಾಗಿ. ಆ ಹೊತ್ತಿಗೆ ಅವರು ಮೋಗ್‌ನಿಂದ ದೂರ ಸರಿದು ಪಿಯಾನೊಗೆ ಮರಳಿದ್ದರು. ಅವರ ಮೋಗ್ ಮುಂದೆ ಇನ್ನೊಬ್ಬ ಜರ್ಮನ್ ಸಂಗೀತಗಾರ ಕ್ಲಾಸ್ ಶುಲ್ಟ್ಸೆ ಅವರ ಕೈಸೇರಿತು.