ಎಂಟನೇ ಕ್ಲಾಸ್ ಓದಿರೋ ಹೆಲ್ಪರ್ ಹುಡುಗನಿಗೆ ಗಾರೆ ಕೆಲಸ ಕಲಿಯೋಕೆ ಸರಿಯಾದ ದಾರಿ ಯಾವುದು?

ಸಂಜೆಪಾಠ

ಬೆಂಗಳೂರಿನ ವರ್ತೂರು ಕಡೆ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಅಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ಅಲ್ಲೊಬ್ಬ ಹುಡುಗನ ವಿಷಯ ಕೇಳಬೇಕಿತ್ತು. ಹತ್ತೊಂಬತ್ತು ವರ್ಷ, ಎಂಟನೇ ಕ್ಲಾಸ್ ಪಾಸ್. ಊರು ಬಿಟ್ಟು ಬಂದಾಗಿನಿಂದ ಹೆಲ್ಪರ್ ಕೆಲಸವೇ. ಮಾಲು ಕಲಸುವುದು, ಬ್ಲಾಕ್ ಹೊರುವುದು, ಕ್ಯೂರಿಂಗ್‌ಗೆ ನೀರು ಹೊಡೆಯುವುದು. ಕರಣಿ ಕೊಡಿ, ನಾನೂ ಎರಡು ಸಾಲು ಕಟ್ಟುತ್ತೇನೆ ಅಂದರೆ ಮೇಸ್ತ್ರಿ 'ಆಮೇಲೆ ನೋಡೋಣ' ಅನ್ನುತ್ತಾರಂತೆ. ಅವನ ಅಮ್ಮನೂ ಅದೇ ಸೈಟಿನಲ್ಲಿ ಬಾಂಡ್ಲಿ ಹೊರುತ್ತಾರೆ.

ಐಟಿಐ, ಅಪ್ರೆಂಟಿಸ್, ಉಚಿತ ತರಬೇತಿ, ವಿಶ್ವಕರ್ಮ ಯೋಜನೆ, ಹೀಗೆ ಹತ್ತಾರು ಹೆಸರು ಕೇಳುತ್ತೇವೆ. ಇದರಲ್ಲಿ ನಿಜಕ್ಕೂ ಕೈಗೆ ಕೆಲಸ ಕಲಿಸುವುದು ಯಾವುದು, ಬರೀ ಸರ್ಟಿಫಿಕೇಟ್ ಕೊಡುವುದು ಯಾವುದು? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕಲಿಯುವಾಗ ಕೂಲಿ ಪೂರ್ತಿ ನಿಂತುಹೋದರೆ ಆ ಮನೆ ನಡೆಯಲ್ಲ. ಊರಲ್ಲಿ ಸಾಲ ಇದೆ.

ಸೈಟ್ ಎಂಜಿನಿಯರ್, ಹುಬ್ಬಳ್ಳಿ

ಒಂದೊಂದಾಗಿ ಹೇಳುತ್ತೇನೆ.

ಐಟಿಐನಲ್ಲಿ ಮೇಸನ್, ಅಂದರೆ ಗಾರೆ ಕೆಲಸದ ಟ್ರೇಡ್ ಇದೆ. ಒಂದು ವರ್ಷದ ಕೋರ್ಸ್, ಎಂಟನೇ ಕ್ಲಾಸ್ ಸಾಕು. ಎಲೆಕ್ಟ್ರಿಷಿಯನ್ ಆದರೆ ಎರಡು ವರ್ಷ, ಹತ್ತನೇ ಕ್ಲಾಸ್ ಬೇಕು. ಆದರೆ ಒಂದು ವರ್ಷ ಕೂಲಿ ಬಿಟ್ಟು ಕ್ಲಾಸಿಗೆ ಹೋಗು ಅಂದರೆ ಈ ಹುಡುಗ ಹೋಗುತ್ತಾನಾ? ಕಷ್ಟ.

ಅಪ್ರೆಂಟಿಸ್ ಅಂದರೆ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವವನು, ಅದಕ್ಕೆ 1961ರ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಕಾಂಟ್ರ್ಯಾಕ್ಟ್ ಜನವೂ ಆ ಲೆಕ್ಕಕ್ಕೆ ಸೇರುತ್ತಾರೆ. ಒಟ್ಟು ಜನದಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ. 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 5,000 ರೂಪಾಯಿ ಸ್ಟೈಪೆಂಡ್ ಅಂತ ಮಾಡಿದರು, ಓದು ಜಾಸ್ತಿ ಇದ್ದರೆ 9,000ದವರೆಗೆ. ಅದರಲ್ಲಿ ನೂರಕ್ಕೆ 25 ಭಾಗ, ಅಂದರೆ ಹೆಚ್ಚೆಂದರೆ 1,500, ಕೇಂದ್ರ ಸರ್ಕಾರ ಕೊಡುತ್ತದೆ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಕಟ್ಟಡ ಕೆಲಸದಲ್ಲಿ ಗೋಡೆ ಕಟ್ಟುವವನು ಕಂಪನಿಯ ರೋಲ್‌ನಲ್ಲಿ ಇರುವುದೇ ಇಲ್ಲ. ಕಂಪನಿ ಕೆಳಗೆ ಕಾಂಟ್ರ್ಯಾಕ್ಟರ್, ಅವನ ಕೆಳಗೆ ಲೇಬರ್ ಕಾಂಟ್ರ್ಯಾಕ್ಟರ್, ಅವನ ಕೆಳಗೆ ಮೇಸ್ತ್ರಿ ಗ್ಯಾಂಗ್. ಅಪ್ರೆಂಟಿಸ್ ಹುದ್ದೆ ಆ ಕೊನೆಯವರೆಗೆ ಇಳಿದು ಬರಲ್ಲ. ನಾನು ಕೆಲಸ ಮಾಡಿದ ಒಂದು ದೊಡ್ಡ ಸೈಟಿನಲ್ಲಿ ಅಪ್ರೆಂಟಿಸ್ ಅಂತ ಇದ್ದವರೆಲ್ಲ ಡಿಪ್ಲೊಮಾ ಹುಡುಗರು, ಆಫೀಸಿನ ಕಂಟೇನರ್‌ನಲ್ಲಿ ಬಿಲ್ ತುಂಬುತ್ತಿದ್ದರು. ನೋಡಿ ಬೇಜಾರಾಗುತ್ತಿತ್ತು.

ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಬಂತು. 18 ಕಸುಬುಗಳಲ್ಲಿ ಗಾರೆ ಕೆಲಸವೂ ಇದೆ. ಮೊದಲ ತರಬೇತಿ ಐದರಿಂದ ಏಳು ದಿನ, ದಿನಕ್ಕೆ 500 ರೂಪಾಯಿ, ಸಾಮಾನಿಗೆ 15,000. ಆದರೆ ಅದು ಕಸುಬು ಆಗಲೇ ಗೊತ್ತಿದ್ದು ಸ್ವಂತವಾಗಿ ಮಾಡುವವರಿಗೆ. ಹೆಲ್ಪರ್‌ಗೆ ಒಂದು ವಾರದಲ್ಲಿ ಗೋಡೆ ಕಟ್ಟೋಕೆ ಬರಲ್ಲ.

ಆರ್‌ಪಿಎಲ್ ಅಂತ ಇನ್ನೊಂದಿದೆ. ಅದು ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು. ಮೇಸ್ತ್ರಿಗೆ ಉಪಯೋಗ, ಇವನಿಗೆ ಈಗಲೇ ಬೇಡ.

ಎಲ್ ಅಂಡ್ ಟಿ ಅನ್ನುವ ದೊಡ್ಡ ಕಟ್ಟಡ ಕಂಪನಿಯವರ ತರಬೇತಿ ಶಾಲೆ ವಿಚಾರಿಸಿ. 1995ರಲ್ಲಿ ಚೆನ್ನೈನಲ್ಲಿ ಶುರುವಾಗಿ ಬೇರೆ ಊರುಗಳಿಗೂ ಬಂದಿದೆ. ಸೆಂಟ್ರಿಂಗ್ (ಕಾಂಕ್ರೀಟ್‌ಗೆ ಅಚ್ಚು ಕಟ್ಟುವುದು), ಬಾರ್ ಬೆಂಡಿಂಗ್ (ಕಬ್ಬಿಣ ಬಗ್ಗಿಸಿ ಕಟ್ಟುವುದು), ಗಾರೆ, ಎಲ್ಲ ಉಚಿತ.

ಕರಣಿ_ಗುಂಡು

ನಾನು ಗಾರೆ ಮೇಸ್ತ್ರಿ. ತುಮಕೂರು ಕಡೆಯವನು. ಎಂಜಿನಿಯರ್ ಸಾಹೇಬರು ಯೋಜನೆ ಎಲ್ಲ ಸರಿಯಾಗಿ ಹೇಳಿದ್ದಾರೆ. ಮೇಸ್ತ್ರಿ ಯಾಕೆ ಕರಣಿ ಕೊಡಲ್ಲ ಅನ್ನುವುದನ್ನ ನಾನು ಹೇಳುತ್ತೇನೆ.

ನಾವು ದಿನದ ಲೆಕ್ಕದಲ್ಲಲ್ಲ, ಎಷ್ಟು ಚದರ ಕೆಲಸ ಆಯಿತು ಅನ್ನುವ ಲೆಕ್ಕದಲ್ಲಿ ಕೆಲಸ ಒಪ್ಪಿಕೊಳ್ಳುತ್ತೇವೆ. ಶನಿವಾರ ಬಟವಾಡೆ ಮಾಡಬೇಕು. ಕಲಿಯುವವನ ಕೈ ನಿಧಾನ, ಅವನು ಗೋಡೆಯಲ್ಲಿ ನಿಂತರೆ ಗ್ಯಾಂಗ್ ನಿಧಾನ, ದುಡ್ಡು ಹೋಗುವುದು ಮೇಸ್ತ್ರಿ ಜೇಬಿನಿಂದ. ಇನ್ನೊಂದು, ಒಳ್ಳೆ ಹೆಲ್ಪರ್ ಸಿಗುವುದೇ ಕಷ್ಟ, ಅವನನ್ನ ಮೇಸ್ತ್ರಿ ಮಾಡಿದರೆ ನಾಳೆ ಬಾಂಡ್ಲಿ ಹೊರುವವರು ಯಾರು? ಇದು ತಪ್ಪು ಅಂತ ನನಗೂ ಗೊತ್ತು. ಆದರೆ ಹೀಗೇ ನಡೀತಿದೆ.

ಹಾಗಾಗಿ ಹುಡುಗನಿಗೆ ಹೇಳಿ, ದೊಡ್ಡ ಅಪಾರ್ಟ್‌ಮೆಂಟ್ ಸೈಟ್ ಬಿಟ್ಟು ಸಣ್ಣ ಮನೆ ಕೆಲಸ ಮಾಡುವ ಮೇಸ್ತ್ರಿ ಜೊತೆ ಸೇರಿಕೊಳ್ಳಲಿ. ಅಲ್ಲಿ ಮೂರ್ನಾಲ್ಕು ಜನ ಇರುತ್ತೇವೆ, ಎಲ್ಲರೂ ಎಲ್ಲ ಕೆಲಸ ಮಾಡಲೇಬೇಕು. ನನ್ನ ಹತ್ತಿರ ಬರುವ ಹುಡುಗರಿಗೆ ಗೋಡೆಯ ಮೂಲೆ ನಾನು ಕಟ್ಟಿ ಎತ್ತಿ ಕೊಡುತ್ತೇನೆ. ಎರಡು ಮೂಲೆಗೆ ದಾರ ಕಟ್ಟಿ, ನಡುವೆ ಬ್ಲಾಕ್ ಅವರು ಇಡಬೇಕು. ದಾರ ಮುಟ್ಟಬಾರದು, ದಾರದಿಂದ ಒಂದು ಕೂದಲೆಳೆ ಒಳಗೆ ಇರಬೇಕು. ಮೊದಲು ಬಚ್ಚಲುಮನೆ ಗೋಡೆ ಪ್ಲಾಸ್ಟರ್ ಕೊಡುತ್ತೇನೆ, ಮೇಲೆ ಟೈಲ್ಸ್ ಬರುತ್ತದಲ್ಲ, ಫಿನಿಶಿಂಗ್ ಒರಟಾದರೂ ನಡೆಯುತ್ತದೆ, ಆದರೆ ತೂಗುಗುಂಡು ಬಿಟ್ಟು ನೋಡಿದರೆ ಗೋಡೆ ಮಾತ್ರ ನೆಟ್ಟಗಿರಬೇಕು. ಅದು ಬಂದಮೇಲೆ ಅಳತೆಯ ಸಾಮಾನು, ಅಂದರೆ ಗುಂಡು, ರಸಮಟ್ಟ, ಮೂಲೆಮಟ್ಟ ಅವರ ಕೈಗೆ. ಮೂಲೆ ಎತ್ತೋಕೆ ಬಂತು ಅಂದರೆ ಅವನು ಮೇಸ್ತ್ರಿ, ಅಲ್ಲಿಯವರೆಗೆ ಯಾರು ಏನೇ ಸರ್ಟಿಫಿಕೇಟ್ ಕೊಡಲಿ, ನಾನು ಒಪ್ಪಲ್ಲ.

ಸೇರುವಾಗಲೇ ಮಾತು ಆಡಿಕೊಳ್ಳಲಿ. ಹೆಲ್ಪರ್ ಕೂಲಿಗೇ ಬರುತ್ತೇನೆ, ಮಧ್ಯಾಹ್ನದ ಮೇಲೆ ಕರಣಿ ಕೊಡಬೇಕು ಅಂತ. ಮುಂಗಡ ತೆಗೆದುಕೊಳ್ಳಬಾರದು. ಮುಂಗಡ ತೆಗೆದುಕೊಂಡವನು ಕೇಳಿದ ಕೆಲಸ ಮಾಡಬೇಕಾಗುತ್ತದೆ, ಕಲಿಯುವ ಕೆಲಸ ಅಲ್ಲ.

ಕೊಪ್ಪಳ_ಅಕ್ಕ

ಮೇಸ್ತ್ರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನೇ ಸರ್ಕಾರ ಕೂಡ ಒಂದು ಕಡೆ ಮಾಡಿದೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಗಳಿಗೆ ಅಂತ ಇರುವ ಮೇಸನ್ ತರಬೇತಿ 45 ದಿನದ್ದು, ಕಲಿಯುವವರು ಅಷ್ಟು ದಿನದಲ್ಲಿ ನಿಜವಾದ ಮನೆಯನ್ನೇ ಕಟ್ಟುತ್ತಾರೆ. ಕಟ್ಟಿ ಕೆಡವುವ ಗೋಡೆ ಅಲ್ಲ, ಒಂದು ಸಂಸಾರ ವಾಸ ಮಾಡುವ ಮನೆ. ಊರಿಗೆ ಹೋದಾಗ ಪಂಚಾಯಿತಿಯಲ್ಲಿ ಕೇಳಲಿ.

ಅವನಿಗೆ ವೈರಿಂಗ್, ಪ್ಲಂಬಿಂಗ್ ಆಸೆ ಇದ್ದರೆ ರುಡ್‌ಸೆಟ್ ತರಬೇತಿ ಸಂಸ್ಥೆ ನೋಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿ ಶುರು ಮಾಡಿದ್ದು. ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆಗಳಲ್ಲೆಲ್ಲ ಬ್ಯಾಂಕುಗಳ ತರಬೇತಿ ಕೇಂದ್ರಗಳಿವೆ. ಸುಮಾರು ಒಂದು ತಿಂಗಳು, ಊಟ ವಸತಿ ಉಚಿತ. ಆದರೆ ತಿಂಗಳಲ್ಲಿ ಪೂರ್ತಿ ಎಲೆಕ್ಟ್ರಿಷಿಯನ್ ಆಗಲ್ಲ, ಮುಂದೆ ಲೈಸೆನ್ಸ್ ಇರುವವರ ಕೈಕೆಳಗೆ ದುಡಿದು ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಬೇಕು.

ನನಗೆ ಕಾಡುತ್ತಿರುವುದು ಆ ಅಮ್ಮ. ಎಲ್ಲರೂ ಹುಡುಗನ ಬಗ್ಗೆ ಮಾತಾಡಿದ್ದೀರಿ. ಹುಡುಗ ಇವತ್ತಲ್ಲ ನಾಳೆ ಕರಣಿ ಹಿಡೀತಾನೆ, ಹೆಂಗಸರು ಮಾತ್ರ ವಯಸ್ಸಾಗುವ ತನಕ ಬಾಂಡ್ಲಿಯಲ್ಲೇ ಇರುತ್ತಾರೆ, ಕುತ್ತಿಗೆ ನೋವು ಬಂದು ಕೂರುವವರೆಗೆ. ಕೆಲಸ ಬರಲ್ಲ ಅಂತಲ್ಲ. ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟೋಕೆ ಹಳ್ಳಿ ಹೆಂಗಸರಿಗೆ ಗಾರೆ ಕೆಲಸ ಕಲಿಸಿದರು, ಅವರನ್ನ ರಾಣಿ ಮಿಸ್ತ್ರಿ ಅಂತಲೇ ಕರೆಯುತ್ತಾರೆ. ಅಹಮದಾಬಾದ್‌ನಲ್ಲಿ 'ಸೇವಾ' ಅನ್ನುವ ದುಡಿಯುವ ಹೆಂಗಸರ ಸಂಘಟನೆಯ ಕಡೆಯಿಂದ ಕಟ್ಟಡ ಕೆಲಸದ ಹೆಂಗಸರಿಗೇ ಕಾರ್ಮಿಕ ಶಾಲೆ ನಡೆಸಿದ್ದಾರೆ. ದಯವಿಟ್ಟು ಆ ತಾಯಿಯನ್ನೂ ಒಂದು ಮಾತು ಕೇಳಿ.

ಸಂಜೆಪಾಠ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಅವರನ್ನ ಕೇಳಿದೆ. ಟೈಲ್ಸ್ ಕೆಲಸ ಕಲಿಯಬೇಕು ಅಂದರು, ಸ್ವಲ್ಪವೂ ಯೋಚನೆ ಮಾಡದೆ. ಜಾಯಿಂಟ್ ತುಂಬುವುದು, ಒರೆಸುವುದು ಈಗಲೂ ಅವರೇ ಮಾಡುತ್ತಾರಂತೆ, ಕತ್ತರಿಸುವುದು ನೋಡಿ ನೋಡಿ ಗೊತ್ತಂತೆ. ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ನೋಂದಣಿ ಕಾರ್ಡ್ ಇಬ್ಬರಿಗೂ ಇಲ್ಲ, ಕಾಂಟ್ರ್ಯಾಕ್ಟರ್ ಸಹಿ ಹಾಕಲ್ಲ ಅಂತಾರೆ. ಅದಿಲ್ಲದೆ ತರಬೇತಿ ಸಿಗುತ್ತಾ?

ಕೆಂಪುಬಾವುಟ

ಕಾರ್ಡ್ ಮೊದಲು ಮಾಡಿಸಿ. ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ದುಡ್ಡು ಬರುವುದೇ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ಅಂತ ವಸೂಲಿ ಮಾಡುವ ಸೆಸ್‌ನಿಂದ, ಅದು ಇವರ ದುಡ್ಡು. ಮಂಡಳಿಯ ಶ್ರಮ ಸಾಮರ್ಥ್ಯ ಅನ್ನುವ ಯೋಜನೆಯಲ್ಲಿ ತರಬೇತಿ ಮತ್ತು ಟೂಲ್ ಕಿಟ್ ಎರಡೂ ಇವೆ, ನೋಂದಣಿ ಇದ್ದವರಿಗೆ ಮಾತ್ರ. 18ರಿಂದ 60 ವರ್ಷದ ಒಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆಲ್ಪರ್ ಕೆಲಸವೂ ಕಟ್ಟಡ ಕೆಲಸವೇ.

ಕಾಂಟ್ರ್ಯಾಕ್ಟರ್ ಸಹಿಯೇ ಬೇಕು ಅಂತಿಲ್ಲ. 90 ದಿನದ ಪ್ರಮಾಣಪತ್ರವನ್ನ ನೋಂದಾಯಿತ ಕಾರ್ಮಿಕ ಸಂಘ ಕೊಡಬಹುದು, ಕಾರ್ಮಿಕ ನಿರೀಕ್ಷಕರು ಕೊಡಬಹುದು, ಹಳ್ಳಿಯಲ್ಲಾದರೆ ಪಂಚಾಯಿತಿಯ ಪಿಡಿಒ ಕೊಡಬಹುದು. ನಿರೀಕ್ಷಕರು ಸೈಟಿಗೆ ಬಂದು ವಿಚಾರಿಸಿದರೆ ಇನ್ನೂ ಒಳ್ಳೆಯದು. ಬ್ರೋಕರ್‌ಗೆ ಒಂದು ರೂಪಾಯಿ ಕೊಡಬೇಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ ತೆಗೆದುಕೊಂಡು ತಾಯಿ ಮಗ ಇಬ್ಬರೂ ನೋಂದಣಿಗೆ ಒಟ್ಟಿಗೇ ಹೋಗಲಿ, ಅರ್ಧ ದಿನದ ಕೂಲಿ ಹೋಗುತ್ತದೆ, ಎರಡು ಸಲ ಹೋಗುವುದು ಬೇಡ. ಸ್ವೀಕೃತಿ ನಂಬರ್ ಬರೆದಿಟ್ಟುಕೊಳ್ಳಿ, ಅರ್ಜಿ ತಿರಸ್ಕಾರ ಆದರೆ ಕಾರಣ ಬರೆದು ಕೊಡಿ ಅಂತ ಕೇಳಿ, ಇಲ್ಲಿ ಹಾಕಿ. ಮುಂದಿನದು ನೋಡೋಣ.